ಸೈಕಲ್ಲಿನ ಕುತ್ತಿಗೆ, ಮೂಲೆಯ ಮುನೇಶ್ವರ

ನಾನು ಇದನ್ನು ಬರೆಯುತ್ತಿರುವ ಮೇಜಿನ ಮೇಲೆ ಒಂದು ಕಬ್ಬಿಣದ ಬಟ್ಟಲಿದೆ. ಕುಂಕುಮದ ಬಟ್ಟಲಿಗಿಂತ ಚೂರು ದೊಡ್ಡದು, ತುಕ್ಕು ಹಿಡಿದದ್ದು. ಗುಂಡುಸೂಜಿ ಹಾಕಿಡೋಣವೆಂದರೆ ತಳವೇ ಇಲ್ಲ. ಹಾಗಾಗಿ ಕಾಗದ ಹಾರದಂತೆ ಮೇಲೆ ಕೂರುವ ಕೆಲಸವೊಂದನ್ನೇ ಅದಕ್ಕೆ ಒಪ್ಪಿಸಿದ್ದೇನೆ. ಅದರ ಒಳಸುತ್ತಿನಲ್ಲಿ ಬೆರಳಾಡಿಸಿದರೆ ಸಣ್ಣ ಸಣ್ಣ ಗುಳಿಗಳು ಸಿಗುತ್ತವೆ, ಅಳಗುಳಿ ಮಣೆಯಲ್ಲಿದ್ದ ಹಾಗೆ, ಒಂದರ ಪಕ್ಕ ಒಂದು. ಮನೆಗೆ ಬಂದವರು ಕೈಗೆತ್ತಿಕೊಂಡು ತಿರುಗಿಸಿ ನೋಡಿ, ಇದೇನು ಎಂದು ಕೇಳುತ್ತಾರೆ. ಸೈಕಲ್ಲಿನ ಕುತ್ತಿಗೆ ಎನ್ನುತ್ತೇನೆ. ಪಾಪ, ಎಲ್ಲಿದ್ದದ್ದನ್ನು ಅಲ್ಲೇ ಇಟ್ಟುಬಿಡುತ್ತಾರೆ.

ಅಂಗಡಿಯವರು ಅದನ್ನು ಹೆಡ್‌ಸೆಟ್ಟು ಅನ್ನುತ್ತಾರೆ. ಹ್ಯಾಂಡಲ್ಲಿನ ಬುಡದಲ್ಲಿ, ಸೈಕಲ್ಲಿನ ಚೌಕಟ್ಟಿಗೆ ಮೇಲೊಂದು ಕೆಳಗೊಂದು ಇಂಥ ಬಟ್ಟಲು ಕೂತಿರುತ್ತವೆ. ಅವುಗಳೊಳಗೆ ಗ್ರೀಸಿನಲ್ಲಿ ಮುಳುಗಿದ ಸಣ್ಣ ಗುಂಡುಗಳು. ಆ ಗುಂಡುಗಳ ಮೇಲೆ ಹ್ಯಾಂಡಲ್ಲು ತಿರುಗುತ್ತದೆ. ಇಷ್ಟು ತಿಳಿದುಕೊಳ್ಳಲು ನನಗೆ ಐವತ್ತೇಳು ವರ್ಷ ಬೇಕಾಯಿತು. ಹಂಚಿನ ಮೇಲಿನ ದೋಸೆ ತಿರುವಿದಷ್ಟೇ ಸಲೀಸಾಗಿ ಹ್ಯಾಂಡಲ್ಲು ತಿರುಗಬೇಕು ಎಂಬುದೂ ನನಗೆ ಗೊತ್ತಿರಲಿಲ್ಲ. ಹುಟ್ಟಿದಾಗಿನಿಂದ ನಾನು ಹತ್ತಿದ್ದು ಒಂದೇ ಸೈಕಲ್ಲು. ಅದೂ ನಮ್ಮಪ್ಪನದು. ಗಂಡಸರ ಸೈಕಲ್ಲು, ನಡುವೆ ಕಂಬಿ. ಎಂಟು ವರ್ಷದವಳಾಗಿದ್ದಾಗ ಆ ಕಂಬಿಯ ಕೆಳಗಿನಿಂದ ಕಾಲು ತೂರಿಸಿ ಒಳಪೆಡಲು ಹೊಡೆದು ಕಲಿತೆ. ಚಾಮರಾಜಪೇಟೆಯ ನಮ್ಮ ಕ್ರಾಸಿನಲ್ಲಿ ಹಾಗೆ ಸೊಂಟ ಡೊಂಕು ಮಾಡಿಕೊಂಡು ಹೋಗುವಾಗ ಹಿರಿಯರು, "ಸೊಪ್ಪಿನ್ ರಾಮಯ್ಯನ್ ಮಗ್ಳು ನೋಡ್ರೋ, ಏಡಿ ತರ ಹೋಗ್ತಾವ್ಳೆ" ಎಂದು ನಗುತ್ತಿದ್ದರು. ನೆಟ್ಟಗೆ ಹೋದಾಗ ಸರಿ. ತಿರುವಿನಲ್ಲಿ ಹ್ಯಾಂಡಲ್ಲು ಮೊಂಡು ಹಿಡಿಯುತ್ತಿತ್ತು. ಎಲ್ಲ ಸೈಕಲ್ಲುಗಳೂ ಹೀಗೇ ಇರಬೇಕು ಅಂದುಕೊಂಡೆ. ಬೇರೆ ಸೈಕಲ್ ಹತ್ತಿದ್ದರೆ ತಾನೆ ಗೊತ್ತಾಗುವುದು!

ಈಗ ನಾನು ಬಿದ್ದ ಕಥೆ ಹೇಳಬೇಕು. ಹೇಳಲು ಅಷ್ಟೇನೂ ಹುರುಪಿಲ್ಲ. ಆದರೂ ಅಲ್ಲಿಂದಲೇ ಇದೆಲ್ಲ ಶುರುವಾದದ್ದು.

ನಾನು ಸುಲ್ತಾನ್‌ಪೇಟೆಯ ಒಂದು ಲಗ್ನಪತ್ರಿಕೆ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಕಾರ್ಡು ಅಚ್ಚಿಗೆ ಹೋಗುವ ಮುನ್ನ ಓದಿ ನೋಡುವುದು, ಬಂದವರಿಗೆ ಕಾಗದ ತೋರಿಸುವುದು, ಸೋದರಮಾವನ ಹೆಸರು ದೊಡ್ಡಪ್ಪನ ಹೆಸರಿಗಿಂತ ಮೇಲೆ ಬಂತೆಂದು ಜಗಳವಾದರೆ ಇಬ್ಬರನ್ನೂ ಕೂರಿಸಿ ಕಾಫಿ ಕುಡಿಸುವುದು. ಮದುವೆ ಸೀಸನ್ನಿನಲ್ಲಿ ಸಂಜೆಯ ಹೊತ್ತಿಗೆ ಕಣ್ಣು ಉರಿಯುತ್ತದೆ, ಬಾಯಿ ಒಣಗುತ್ತದೆ, ಯಾರ ಮದುವೆಯೂ ಬೇಡ ಅನ್ನಿಸುತ್ತದೆ. ಮನೆಗೆ ಬಂದರೆ ಅಡುಗೆ, ಅಮ್ಮನ ಮಾತ್ರೆ, ನಮ್ಮನೆಯವರ ಬಿಸಿನೀರು. ಎರಡರ ನಡುವೆ ಸೈಕಲ್ಲಿನ ಮೇಲಿನ ಇಪ್ಪತ್ತು ನಿಮಿಷ ಇದೆಯಲ್ಲ, ಆಗ ಮಾತ್ರ ನನ್ನನ್ನು ಯಾರೂ ಕರೆಯುವುದಿಲ್ಲ. ಮೊಬೈಲು ಬ್ಯಾಗಿನೊಳಗೆ ಬಡಿದುಕೊಳ್ಳುತ್ತದೆ, ಬಡಿದುಕೊಳ್ಳಲಿ ಎಂದು ಬಿಡುತ್ತೇನೆ. ಮಾರುಕಟ್ಟೆಯ ಗಲಾಟೆ, ಬಸ್ಸಿನ ಹೊಗೆ, ಆಟೋದವರ ಬೈಗುಳ ಎಲ್ಲ ಇದ್ದೇ ಇದೆ. ಆದರೂ ಅದು ನನ್ನ ಪಾಲಿನ ಹೊತ್ತು. ಅದೊಂದನ್ನು ಬಿಟ್ಟುಕೊಡು ಅಂದರೆ ನನ್ನ ಹತ್ತಿರ ಬೇರೇನೂ ಉಳಿಯುವುದಿಲ್ಲ.

ಆ ದಿನ ಸಂಜೆ ಹ್ಯಾಂಡಲ್ಲಿನ ಒಂದು ಕಡೆ ತರಕಾರಿ ಚೀಲ, ಇನ್ನೊಂದು ಕಡೆ ಕಾರ್ಡಿನ ಕಟ್ಟು. ಮಾರುಕಟ್ಟೆ ದಾಟಿ ಒಂದು ತಿರುವಿನ ಹತ್ತಿರ ಬಂದೆ. ಇಳಿಯಬೇಕು ಅನ್ನುವಷ್ಟರಲ್ಲಿ ಎದುರಿನಿಂದ, ಬರಬಾರದ ಕಡೆಯಿಂದ, ಒಂದು ಸ್ಕೂಟರು ಬಂತು. ಹ್ಯಾಂಡಲ್ಲು ಎಳೆದೆ. ಅಲುಗಲಿಲ್ಲ. ಜೋರಾಗಿ ಎಳೆದೆ. ಟಕ್ಕೆಂದು ಒಮ್ಮೆಲೇ ಪೂರ್ತಿ ತಿರುಗಿಬಿಟ್ಟಿತು. ಸ್ಕೂಟರಿನವನು ಹೋದ. ನಾನು ಹೂವಿನವಳ ಸೇವಂತಿಗೆ ಬುಟ್ಟಿಯ ಮೇಲಿದ್ದೆ. ಅಷ್ಟು ಹೂವಿನ ಮೇಲೆ ನನ್ನನ್ನು ನಾನು ನಮ್ಮ ಮದುವೆಯಲ್ಲೂ ಕಂಡಿರಲಿಲ್ಲ. ಮಣಿಕಟ್ಟು ಊದಿಕೊಂಡಿತು. ಸುತ್ತ ನೆರೆದವರೆಲ್ಲ ಒಂದೇ ರಾಗ:

"ಈ ವಯಸ್ಸಲ್ಲಿ ಯಾಕ್ ಬೇಕಿತ್ತಮ್ಮಾ ಸೈಕಲ್ಲು?"

ಹೂವಿನವಳು ಮಾತ್ರ, "ಸುಮ್ಕಿರ್ರೀ, ಪಾಪ ಬಿದ್ದವ್ರೆ. ವಯಸ್ಸು ಗಿಯಸ್ಸು ಅಂತೀರಲ್ಲ, ನೀವೇನ್ ಎಳೇ ಮಕ್ಳಾ?" ಎಂದು ಗದರಿ ನನ್ನನ್ನು ಎಬ್ಬಿಸಿದಳು. ಅವಳ ಹೂವನ್ನು ಜಜ್ಜಿ ಹಾಕಿದವಳ ಪರವಾಗಿ ಅವಳೇ ನಿಂತದ್ದು ನೋಡಿ ಅಲ್ಲೇ ಅಳು ಬಂತು.

ಮನೆಯಲ್ಲಿ ನಮ್ಮನೆಯವರು ಕಾದಿದ್ದರು. ಅವರಿಗೆ ಸೈಕಲ್ ಬರುವುದಿಲ್ಲ. ಕಲಿಯಲೇ ಇಲ್ಲ. ಸೈಕಲ್ ಬಾರದ ಮನುಷ್ಯನಿಗೆ ಸೈಕಲ್ಲಿನ ಬಗ್ಗೆ ಇರುವಷ್ಟು ಅಭಿಪ್ರಾಯಗಳು ಸೈಕಲ್ ಓಡಿಸುವವರಿಗೆ ಇರುವುದಿಲ್ಲ.

"ಸಾಕು ಇನ್ನು. ಭಾನುವಾರ ಗುಜರಿಯವ್ನು ಬರ್ತಾನೆ. ಕೊಟ್ಬಿಡೋಣ."

"ಕೊಡಲ್ಲ."

"ತಿರುವಲ್ಲಿ ತಿರುಗದ ಸೈಕಲ್ಲು ಸೈಕಲ್ಲೇನೇ?"

"ಅದು ತಿರುಗತ್ತೆ. ನಾನ್ ಇಳಿದು ತಿರುಗಿಸ್ತೀನಿ."

"ಎಲ್ಲಾ ಸಲ ಇಳಿಯೋದಕ್ಕೆ ಪುರುಸೊತ್ತು ಸಿಗತ್ತಾ? ಇವತ್ತು ಸಿಕ್ತಾ? ಒಂದ್ ಕೆಲ್ಸ ಮಾಡು. ಭಾನುವಾರದೊಳಗೆ ಅದನ್ನ ರಿಪೇರಿ ಮಾಡ್ಸು. ನಮ್ಮ ಮೂಲೇಲಿ, ನನ್ನ ಕಣ್ಣೆದುರಿಗೆ, ಇಳೀದೆ ತಿರುಗ್ಸಿ ತೋರ್ಸು. ನಾನ್ ತುಟಿ ಬಿಚ್ಚಲ್ಲ. ಇಳಿದ್ಯೋ, ಗುಜರಿ."

ಅವರ ದನಿ ಗಟ್ಟಿಯಾಗಿತ್ತು, ಮಣಿಕಟ್ಟಿಗೆ ಹಚ್ಚಿದ ಎಣ್ಣೆಯನ್ನೇ ಮತ್ತೆ ಮತ್ತೆ ಹಚ್ಚುತ್ತಿದ್ದರು. ಹೆದರಿದ್ದರು. ಹೂಂ ಎಂದೆ. ಜಗಳಕ್ಕೆ ಶಕ್ತಿಯೂ ಇರಲಿಲ್ಲ. ಆದರೆ ಹೂಂ ಎಂದ ಮೇಲೆ ಸಿಕ್ಕಿಬಿದ್ದೆ ಅನ್ನಿಸಿತು. ಯಾಕೆಂದರೆ ಅವರು ಹೇಳಿದ ಮೂಲೆ ಮುನೇಶ್ವರನ ಮೂಲೆ. ಅಲ್ಲಿ ನಮ್ಮ ಮನೆಯಲ್ಲಿ ಯಾರೂ ಇಳಿಯದೆ ಹೋಗುವುದಿಲ್ಲ.

ಆ ಮೂಲೆಯ ವಿಷಯ ಹೇಳಬೇಕೆಂದರೆ ಅಪ್ಪನ ವಿಷಯ ಹೇಳಬೇಕು. ಅಪ್ಪನದು ಸೊಪ್ಪಿನ ವ್ಯಾಪಾರ. ಬೆಳಗಿನ ಜಾವ ಕಲಾಸಿಪಾಳ್ಯಕ್ಕೆ ಹೋಗಿ, ಹಿಂದಿನ ಕ್ಯಾರಿಯರಿನಲ್ಲಿ ಒಂದು ಮೂಟೆ, ಹ್ಯಾಂಡಲ್ಲಿಗೆ ಎರಡೂ ಕಡೆ ಎರಡು ಗೋಣಿಚೀಲ ತೂಗುಹಾಕಿಕೊಂಡು ಮನೆಗೆ ಬರುತ್ತಿದ್ದರು. ಇಲ್ಲಿ ಅಮ್ಮ ಕಟ್ಟುಗಳಿಗೆ ನೀರು ಚಿಮುಕಿಸಿ ಕೊಟ್ಟ ಮೇಲೆ ಬಸವನಗುಡಿ. "ದಂಟೂ, ಮೆಂತ್ಯಾ, ಸಬ್ಬಸಿಗೇ..." ಎಂದು ಕೊನೆಯ ಏಕಾರವನ್ನು ಅರ್ಧ ರಸ್ತೆ ಎಳೆಯುತ್ತಿದ್ದರು. ಅಲ್ಲಿನ ಮನೆಗಳಲ್ಲಿ ಅವರಿಗೆ ಒಳ್ಳೆಯ ಹೆಸರಿತ್ತು. ಸೊಪ್ಪಿಗಿಂತ ಹೆಚ್ಚಾಗಿ ಭಕ್ತಿಗೆ. ಮೂಲೆ ಬಂದರೆ ಸಾಕು, ಅಪ್ಪ ಸೈಕಲ್ಲಿನಿಂದ ಇಳಿಯುವರು, ಕೈ ಮುಗಿಯುವರು, ಸೈಕಲ್ ತಳ್ಳಿಕೊಂಡು ತಿರುವು ದಾಟಿ ಮತ್ತೆ ಹತ್ತುವರು. ನಮ್ಮ ಪೇಟೆಗಳಲ್ಲಿ ಯಾವ ಮೂಲೆ ಖಾಲಿ ಇದೆ ಹೇಳಿ? ಒಂದು ಕಡೆ ಆಂಜನೇಯ, ಒಂದು ಕಡೆ ಅಶ್ವತ್ಥಕಟ್ಟೆ, ಇನ್ನೊಂದು ಕಡೆ ಗಣಪತಿ. ದರ್ಗಾ ಇದ್ದ ಮೂಲೆಯಲ್ಲೂ ಇಳಿದು ಕೈ ಮುಗಿಯುತ್ತಿದ್ದರು. "ಆ ಮನುಷ್ಯಂಗೆ ಭೇದವೇ ಇಲ್ಲ" ಎಂದು ಜನ ಕೊಂಡಾಡುತ್ತಿದ್ದರು. ನನ್ನ ಮದುವೆಯೂ ಅದರಿಂದಲೇ ಆಯಿತು. ನಮ್ಮ ಅತ್ತೆ ಬಸವನಗುಡಿಯವರು, ಅಪ್ಪನ ಗಿರಾಕಿ. ಮೂಲೆಮೂಲೆಗೂ ಕೈ ಮುಗಿಯುವವನ ಮಗಳು ಮನೆಗೆ ದೀಪ ಹಚ್ಚದೆ ಇರುತ್ತಾಳಾ ಎಂದು ಬೇರೇನೂ ವಿಚಾರಿಸದೆ ಹೆಣ್ಣು ಕೇಳಿದರು.

ಒಂದೇ ಒಂದು ಮೂಲೆಯಲ್ಲಿ ದೇವರಿರಲಿಲ್ಲ. ಅದು ನಮ್ಮ ಕ್ರಾಸಿನ ಮೂಲೆ. ಅಲ್ಲಿರುವುದು ದೊಡ್ಡ ಮನೆಯೊಂದರ ಕಾಂಪೌಂಡು ಗೋಡೆ ಮಾತ್ರ. ಅಲ್ಲೂ ಅಪ್ಪ ಇಳಿದು ಕೈ ಮುಗಿಯುತ್ತಿದ್ದರು. ಸಣ್ಣವಳಿದ್ದಾಗ ಕೇಳಿದ್ದೆ:

"ಅಪ್ಪಾ, ಅಲ್ಲಿ ಯಾವ್ ದೇವ್ರು?"

ಅಪ್ಪ ಚಪ್ಪಲಿ ಬಿಡುತ್ತಾ, "ನಿಮ್ಮಮ್ಮನ್ನ ಕೇಳು" ಎಂದಿದ್ದರು. ಅಮ್ಮ ಒಲೆಯ ಮುಂದಿನಿಂದಲೇ ಹೇಳಿದ್ದಳು, "ಮುನೇಶ್ವರ ಕಣೇ. ಕಲ್ಲಿತ್ತು ಅಲ್ಲಿ. ಟಾರು ಹಾಕ್ದಾಗ ಕೆಳಗೋಗ್ಬಿಟ್ಟ. ಕಣ್ಣಿಗ್ ಕಾಣಲ್ಲ, ಇದಾನೆ."

ನಂಬಿದೆವು. ಅಮ್ಮ ದಿನಾ ಗೋಡೆಯ ಬುಡದಲ್ಲಿ ಒಂದು ಹೂವಿಟ್ಟು ಬರುತ್ತಿದ್ದಳು. ಗೋಡೆಯ ಯಜಮಾನರು ಮೊದಮೊದಲು ಸಿಡುಕಿದರು. ಆಮೇಲೆ ಹೂವಿರುವ ಕಡೆ ದಾರಿಹೋಕರು ನಿಂತು ಪಂಚೆ ಎತ್ತುವುದಿಲ್ಲ ಎಂಬುದು ಅವರ ಗಮನಕ್ಕೆ ಬಂತು. ಈಚೆಗೆ ಗೋಡೆಗೆ ದೇವರ ಟೈಲ್ಸನ್ನೇ ಅಂಟಿಸಿದ್ದಾರೆ. ಗಣಪತಿ, ಸಾಯಿಬಾಬಾ, ಏಸು, ಮೆಕ್ಕಾ, ನಾಲ್ಕು. ಮುನೇಶ್ವರನ ಟೈಲ್ಸ್ ಮಾತ್ರ ಅಂಗಡಿಯಲ್ಲಿ ಸಿಗಲಿಲ್ಲವಂತೆ. ಅಪ್ಪ ಹೋಗಿ ಹತ್ತೊಂಬತ್ತು ವರ್ಷವಾಯಿತು. ಅಮ್ಮ ಒಬ್ಬಳೇ ಆದಳೆಂದು ನಾವು ಈ ಮನೆಗೇ ಬಂದು ನೆಲೆಸಿದೆವು. ಸೈಕಲ್ಲು ನನಗೆ ಬಂತು, ಇಳಿದು ಕೈ ಮುಗಿಯುವುದೂ ಜೊತೆಗೇ ಬಂತು. ನನ್ನ ಮಗಳು ಈಗಲೂ ಸ್ಕೂಟಿಯಲ್ಲಿ ಬಂದರೆ ಆ ಮೂಲೆಯಲ್ಲಿ ಒಂದು ಕಾಲು ನೆಲಕ್ಕೂರಿ, ಹೆಲ್ಮೆಟ್ಟಿನ ಮೇಲೆಯೇ ಹಣೆ ಮುಟ್ಟಿಕೊಂಡು ಬರುತ್ತಾಳೆ.

ಸರಿ, ಮಾರನೆಯ ದಿನ ರಜ ಹಾಕಿ ಸೈಕಲ್ ತಳ್ಳಿಕೊಂಡು ಅನ್ವರ್ ಅಂಗಡಿಗೆ ಹೋದೆ. ನಮ್ಮ ಪೇಟೆಯಲ್ಲಿ ಉಳಿದಿರುವ ಒಂದೇ ಹಳೆಯ ಸೈಕಲ್ ಶಾಪು ಅದು. ಮೊದಲು ಅವನ ತಂದೆಯದಿತ್ತು. ಅನ್ವರ್ ಮುಂದಿನ ಚಕ್ರ ಎತ್ತಿ ಹ್ಯಾಂಡಲ್ಲನ್ನು ಒಂದು ಬೆರಳಲ್ಲಿ ತಳ್ಳಿದ. ಅದು ಅಲ್ಲಾಡಲಿಲ್ಲ. ಮುಖ ಸಿಂಡರಿಸಿ, ದೊಡ್ಡ ಪಾನಾ ಹಾಕಿ ಬಿಚ್ಚಿ, ಮೇಲಿನ ಬಟ್ಟಲನ್ನು ಸೀಮೆಎಣ್ಣೆಯಲ್ಲಿ ತೊಳೆದು ಬೆಳಕಿಗೆ ಹಿಡಿದ. ತುಂಬ ಹೊತ್ತು ನೋಡಿದ.

"ಅಕ್ಕಾ, ಈ ಗಾಡೀನ ಯಾರೂ ತಿರುಗಿಸ್ತಾನೇ ಇರ್ಲಿಲ್ವಾ?"

"ನಮ್ಮಪ್ಪ ತಿರುವು ಬಂದ್ರೆ ಇಳಿದು ತಳ್ಕೊಂಡ್ ಹೋಗ್ತಿದ್ರು. ದೇವ್ರಿಗೆ ಕೈ ಮುಗಿಯೋಕೆ."

ಅನ್ವರ್ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ನನ್ನ ಬೆರಳು ಹಿಡಿದು ಬಟ್ಟಲಿನೊಳಗೆ ಆಡಿಸಿದ.

"ಗುಳಿ ಸಿಕ್ತಾ? ಮುಂದ್ಗಡೆ ಭಾರ ತೂಗಾಕಿ, ನೇರಕ್ಕೇ ಓಡ್ಸಿ ಓಡ್ಸಿ, ಗುಂಡುಗಳು ಕೂತಲ್ಲೇ ಗುಳಿ ತೋಡ್ಕೊಂಡಿವೆ. ಒಂದ್ಸಲ ಗುಳಿ ಬಿದ್ರೆ ಅಲ್ಲಿಂದ ಏಳಲ್ಲ ಅವು. ಇದನ್ನ ಭಾರ ಹೇರ್ಕೊಂಡು ತಿರುಗಿಸ್ತೀನಿ ಅಂದ್ರೆ ಪೈಲ್ವಾನ್ ಕೈಲೂ ಆಗಲ್ಲ. ಇಳೀಲೇಬೇಕು." ನನ್ನ ಮುಖ ನೋಡದೆ ಹೇಳಿದ, "ನಿಮ್ಮಪ್ಪ ದೇವ್ರಿಗೆ ಇಳೀತಿರ್ಲಿಲ್ಲ ಅಕ್ಕಾ. ಇದಕ್ಕೆ."

ಅಂಗಡಿಯ ಮುಂದಿನ ಮರದ ಪೆಟ್ಟಿಗೆಯ ಮೇಲೆ ಕೂತುಬಿಟ್ಟೆ. ಆಂಜನೇಯ, ಅಶ್ವತ್ಥಕಟ್ಟೆ, ದರ್ಗಾ, ಎಲ್ಲ ಒಂದೊಂದಾಗಿ ಕಣ್ಣ ಮುಂದೆ ಬಂದು ಹೋದವು. ಮೊದಲು ನಗು ಬಂತು. ನನ್ನ ಮದುವೆಯೇ ತುಕ್ಕು ಹಿಡಿದ ಬಟ್ಟಲೊಂದರ ಮೇಲೆ ನಿಂತಿದೆಯಲ್ಲ ಎಂದು. ಆಮೇಲೆ ನಗು ಬರಲಿಲ್ಲ. ಅಷ್ಟು ಭಾರ ಹೊತ್ತು, ತಿರುವುತಿರುವಿಗೆ ಇಳಿದು, ತಳ್ಳಿ, ಮತ್ತೆ ಹತ್ತಿ, ಆ ಮನುಷ್ಯ ಎಷ್ಟು ವರ್ಷ ಹೀಗೆ ಓಡಾಡಿದರು? ನಾವು ಜಗಲಿಯಲ್ಲಿ ಕೂತು ಭಕ್ತಿ ಎಂದೆವು.

"ರಿಪೇರಿ ಯಾಕ್ ಮಾಡಿಸ್ಲಿಲ್ವೋ" ಎಂದೆ.

"ನಮ್ಮ ಅಬ್ಬಾ ಹೇಳಿರ್ತಾರೆ, ಗ್ಯಾರಂಟಿ. ಆದ್ರೆ ಒಂದ್ ದಿನ ಸೈಕಲ್ ಇಲ್ಲಿ ಬಿಟ್ರೆ ಸೊಪ್ಪು ಬಾಡುತ್ತಲ್ಲಕ್ಕಾ."

ಅನ್ವರ್ ಹತ್ತಿರ ಆ ಅಳತೆಯ ಹೆಡ್‌ಸೆಟ್ಟು ಇರಲಿಲ್ಲ. ಹಳೆಯ ಬಟ್ಟಲನ್ನು ಕಾಗದದಲ್ಲಿ ಸುತ್ತಿ ಕೈಗಿಟ್ಟ. "ಸ್ಯಾಂಪಲ್‌ಗೆ ಇದನ್ನ ತಗೊಂಡೋಗಿ. ಬಾಯಲ್ಲಿ ಹೇಳ್ಬೇಡಿ, ಯಾವ್ದೋ ಕೊಡ್ತಾರೆ. ಹೊಳಪು ನೋಡ್ಬೇಡಿ. ತೂಕ ನೋಡಿ. ಒಳಗಡೆ ಉಗುರಾಡ್ಸಿ ನೋಡಿ, ಎಲ್ಲೂ ತಡೀಬಾರ್ದು. ಜಾಲರಿಯೊಳಗೆ ಕೂರ್ಸಿರೋ ಗುಂಡು ಬೇಡ, ಬಿಡಿ ಗುಂಡು ತಗೊಳ್ಳಿ. ಜಾಲರೀಲಿ ಗುಂಡು ಕಮ್ಮಿ ಹಿಡಿಯುತ್ತೆ. ಬಿಡಿಯಾದ್ರೆ ಬಟ್ಟಲು ತುಂಬಾ ಹಾಕ್ತೀನಿ, ಭಾರ ಹಂಚ್ಕೊಳ್ತವೆ."

ಭಾರ ಹಂಚಿಕೊಳ್ಳುವವರು ಜಾಸ್ತಿ ಇದ್ದರೆ ಯಾವ ಕುತ್ತಿಗೆಯೂ ಬಾಳಿಕೆ ಬರುತ್ತದೆ. ಅದನ್ನು ಅನ್ವರ್‌ಗೆ ಹೇಳಲು ಹೋಗಲಿಲ್ಲ, ಮನೆಯಲ್ಲಿ ಹೇಳಬೇಕಾದ ಮಾತದು.

ಮುಂದಿನ ಮೂರು ದಿನ ಊಟದ ಹೊತ್ತಿನಲ್ಲಿ ಮಾರುಕಟ್ಟೆಯ ಹಿಂದಿನ ಸೈಕಲ್ ಸಾಮಾನಿನ ಅಂಗಡಿಗಳನ್ನು ಅಲೆದೆ. ಮಣಿಕಟ್ಟಿಗೆ ಪಟ್ಟಿ, ಬ್ಯಾಗಿನಲ್ಲಿ ಬಟ್ಟಲು. ಒಂದು ಅಂಗಡಿಯಲ್ಲಿ "ಮಗನ ಸೈಕಲ್ಲಾ ಆಂಟಿ?" ಎಂದರು. ನನ್ನದು ಎಂದೆ. ನನ್ನನ್ನು ಮೇಲಿಂದ ಕೆಳಗೆ ನೋಡಿ, ಹೊಸ ನಮೂನೆಯ ಸೈಕಲ್ಲುಗಳ ಹೆಡ್‌ಸೆಟ್ಟು ಮುಂದಿಟ್ಟರು. ಕಪ್ಪಗೆ, ನಾಜೂಕಾಗಿ, ಗುಂಡುಗಳೆಲ್ಲ ಒಳಗೇ ಮುಚ್ಚಿಕೊಂಡು ಕೂತಿದ್ದವು. ನಮ್ಮದರ ಪಕ್ಕ ಇಟ್ಟು ನೋಡಿದರೆ ಅಳತೆಯೇ ಬೇರೆ. "ಸೈಕಲ್ಲೇ ಹೊಸದು ತಗೊಂಬಿಡಿ" ಎಂದು ಪರಿಹಾರ ಹೇಳಿದರು. ಹೌದು, ಎಲ್ಲ ಕಡೆಯೂ ಈಗ ಅದೇ ಪರಿಹಾರ. ಚಿಕ್ಕದೊಂದು ಸವೆದರೆ ಇಡೀ ಜೀವವನ್ನೇ ಹೊಸದು ತಗೊಳ್ಳಿ ಅನ್ನುತ್ತಾರೆ. ಅಷ್ಟೊಂದು ಹೊಸದನ್ನು ಅಭ್ಯಾಸ ಮಾಡಿಕೊಳ್ಳುವ ತ್ರಾಣ ಯಾರಿಗಿದೆ?

ಇನ್ನೊಂದು ಅಂಗಡಿಯಲ್ಲಿ ಅಳತೆ ಸಿಕ್ಕಿತು. ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಕೈಯಲ್ಲಿ ಹಿಡಿದರೆ ತಗಡಿನಂತೆ ಹಗುರ. ಒಳಗೆ ಹೆಬ್ಬೆರಳಿನ ಉಗುರಾಡಿಸಿದೆ, ನುಚ್ಚಕ್ಕಿಯ ಮೇಲೆ ಆಡಿಸಿದ ಹಾಗಿತ್ತು. ಇಲ್ಲಿ ಸ್ವಲ್ಪ ಜಂಬ ಕೊಚ್ಚಿಕೊಳ್ಳುತ್ತೇನೆ, ಬೇಜಾರಾಗಬೇಡಿ. ಇಪ್ಪತ್ತೆಂಟು ವರ್ಷದಿಂದ ಲಗ್ನಪತ್ರಿಕೆಯ ಕಾಗದವನ್ನು ಹೆಬ್ಬೆರಳಲ್ಲಿ ಸವರಿ ಇದು ಇಂಥದ್ದು ಎಂದು ಹೇಳಿದವಳು ನಾನು. ಉಬ್ಬಚ್ಚಿನ ಗಣಪತಿಯ ಸೊಂಡಿಲು ಎಲ್ಲಿ ಸರಿಯಾಗಿ ಎದ್ದಿಲ್ಲ ಎಂಬುದು ಕಣ್ಣಿಗಿಂತ ಮೊದಲು ನನ್ನ ಬೆರಳಿಗೆ ಗೊತ್ತಾಗುತ್ತದೆ. ಅಂಗಡಿಯವನು "ಫಸ್ಟ್ ಕ್ಲಾಸ್ ಮಾಲು" ಎಂದು ಎಷ್ಟೇ ಹೇಳಲಿ, ಬೆರಳು ಬೇಡ ಅಂದಿತು. ವಾಪಸ್ಸು ಕೊಟ್ಟೆ.

ಶುಕ್ರವಾರ ಸಿಕ್ಕಿದ್ದು ಓಣಿಯ ಕೊನೆಯ ಅಂಗಡಿಯಲ್ಲಿ. ಅಲ್ಲಿದ್ದ ಮುದುಕರು ನನ್ನನ್ನು ಏನೂ ಕೇಳಲಿಲ್ಲ. ಹಳೆಯ ಬಟ್ಟಲನ್ನು ಇಸಿದುಕೊಂಡು, ಒಳಗೆ ಬೆರಳಾಡಿಸಿ, "ದುಡಿದಿದೆ" ಎಂದು ಮಾತ್ರ ಹೇಳಿದರು. ಏಣಿ ಹತ್ತಿ ಮೇಲಿನ ಅಟ್ಟದಿಂದ ಎಣ್ಣೆಕಾಗದದ ಪೊಟ್ಟಣವೊಂದನ್ನು ಇಳಿಸಿದರು. ಮಂಕು ಬಣ್ಣ, ಹೊಳಪಿಲ್ಲ, ಒಳ್ಳೆಯ ತೂಕ. ಉಗುರಾಡಿಸಿದೆ. ಎಳೆಮಗುವಿನ ಕಿವಿಯ ಹಿಂಭಾಗ ಸವರಿದಂತಿತ್ತು, ಎಲ್ಲೂ ತಡೆಯಲಿಲ್ಲ.

"ಹ್ಯಾಂಡ್ಲಿಗೆ ಭಾರ ಹಾಕ್ತೀರಾ?"

"ಇಲ್ಲ" ಎಂದೆ. ಆಮೇಲೆ ಯೋಚಿಸಿದೆ. "ಒಂದು ತರಕಾರಿ ಚೀಲ. ಆಮೇಲೆ ಕಾರ್ಡಿನ ಕಟ್ಟು. ಅಮ್ಮನ ಔಷಧಿ. ಒಂದೊಂದ್ ದಿನ ಅಕ್ಕಿ. ನಮ್ಮನೆಯವ್ರ ಇಸ್ತ್ರಿ ಬಟ್ಟೆ."

"ಅಂದ್ರೆ ಹಾಕ್ತೀರಿ" ಎಂದು ಬಿಡಿ ಗುಂಡುಗಳ ಪೊಟ್ಟಣವನ್ನೂ ಜೊತೆಗಿಟ್ಟರು. ಎಷ್ಟು ವರ್ಷದಿಂದ ಎಂದು ಕೇಳಲಿಲ್ಲ, ಪುಣ್ಯ.

ಶನಿವಾರ ಅನ್ವರ್ ಹೊಸ ಬಟ್ಟಲುಗಳನ್ನು ಮರದ ತುಂಡಿಟ್ಟು ಬಡಿದು ಕೂರಿಸಿದ. ಗ್ರೀಸು ಬಳಿದು ಗುಂಡುಗಳನ್ನು ಒಂದೊಂದಾಗಿ, ಮದುಮಗಳಿಗೆ ಬಳೆ ತೊಡಿಸುವವರ ತಾಳ್ಮೆಯಲ್ಲಿ ಜೋಡಿಸಿದ. ಮೇಲಿನ ನಟ್ಟು ಬಿಗಿದು, ಸಡಿಲಿಸಿ, ಮತ್ತೆ ಬಿಗಿದು, ಮುಂದಿನ ಬ್ರೇಕು ಹಿಡಿದು ಸೈಕಲ್ಲನ್ನು ಹಿಂದೆ ಮುಂದೆ ಆಡಿಸಿ ಟಕಟಕ ಸದ್ದಿಲ್ಲವೆಂದು ನೋಡಿದ. ಕೊನೆಗೆ ಮುಂದಿನ ಚಕ್ರ ಎತ್ತಿ ಸೈಕಲ್ಲನ್ನು ಚೂರು ವಾಲಿಸಿದ. ಯಾರೂ ಮುಟ್ಟದೆ ಹ್ಯಾಂಡಲ್ಲು ತಾನಾಗಿ ಮೆಲ್ಲಗೆ ಒಂದು ಕಡೆಗೆ ಹೊರಳಿತು. ಐವತ್ತು ವರ್ಷದಲ್ಲಿ ನಾನದನ್ನು ನೋಡಿರಲಿಲ್ಲ.

ಖುಷಿಯಾಗಬೇಕಿತ್ತು. ಆಗಲಿಲ್ಲ. ಮನೆಯಲ್ಲಿ ಅಮ್ಮ ಇದ್ದಳು. ಎಂಬತ್ತೆರಡು ವರ್ಷ, ಜಗಲಿ ಅವಳ ಸಾಮ್ರಾಜ್ಯ. ಬಂದವರಿಗೆಲ್ಲ "ನಮ್ಮೆಜಮಾನ್ರು ದೈವಭಕ್ತ್ರು, ಆ ಮುನೇಶ್ವರನೇ ನಮ್ಮನ್ನ ಕಾಪಾಡಿದ್ದು" ಎಂದು ಹೇಳಿಕೊಂಡೇ ವಿಧವೆಯ ಹತ್ತೊಂಬತ್ತು ವರ್ಷ ತಳ್ಳಿದವಳು. ಅವಳ ಮುಂದೆ ಹೋಗಿ, ಅಮ್ಮಾ, ಅದು ಭಕ್ತಿಯಲ್ಲ, ಕೆಟ್ಟುಹೋದ ಹ್ಯಾಂಡಲ್ಲು ಎಂದು ಹೇಳುವುದು ಹೇಗೆ? ಹೇಳದಿದ್ದರೂ ಭಾನುವಾರ ಅವಳ ಕಣ್ಣೆದುರಿಗೇ ಇಳಿಯದೆ ತಿರುಗಿಸಬೇಕು. ಮುನೇಶ್ವರನನ್ನು ಕಡೆಗಣಿಸಿ ಹೋದಳು ನನ್ನ ಮಗಳು ಎಂದು ಕೊರಗುತ್ತಾಳೆ. ಇಳಿದರೆ ಸೈಕಲ್ಲು ಗುಜರಿಗೆ. ಆ ರಾತ್ರಿ ಸಾರಿಗೆ ಎರಡು ಸಲ ಉಪ್ಪು ಹಾಕಿದೆ.

ಭಾನುವಾರ ಬೆಳಿಗ್ಗೆ ಗುಜರಿಯವನು ತನ್ನ ತಳ್ಳುಗಾಡಿಯ ಸಮೇತ ಬಂದು ನಿಂತ. ನಮ್ಮನೆಯವರು ಮೂಲೆಯಲ್ಲಿ ಕೈ ಕಟ್ಟಿಕೊಂಡು ನಿಂತರು. ಅಮ್ಮ ಜಗಲಿಯಲ್ಲಿ ಮೊರ ಇಟ್ಟುಕೊಂಡು ಮೆಂತ್ಯಸೊಪ್ಪು ಬಿಡಿಸುತ್ತಿದ್ದಳು. ನಾನು ಮೇನ್ ರೋಡಿನ ತುದಿಯಿಂದ ಹತ್ತಿ ಬಂದೆ. ಹೊಸ ಹ್ಯಾಂಡಲ್ಲು ಎಷ್ಟು ಹಗುರವೆಂದರೆ, ಕುಡಿದವರ ಹಾಗೆ ಆ ಕಡೆಗೊಮ್ಮೆ ಈ ಕಡೆಗೊಮ್ಮೆ ಹೋಗುತ್ತಿದ್ದೆ. ಇಷ್ಟು ದಿನ ನೆಟ್ಟಗೆ ಹೋಗುತ್ತಿದ್ದದ್ದು ನಾನಲ್ಲ, ಆ ಗುಳಿಗಳು. ಮೂಲೆ ಬಂತು. ಕಾಲು ತಾನಾಗಿ ಇಳಿಯಲು ಹೊರಟಿತು. ಹಲ್ಲು ಕಚ್ಚಿ ಪೆಡಲಿನ ಮೇಲೇ ಒತ್ತಿ ಹಿಡಿದೆ. ಮುನೇಶ್ವರಾ, ಇದೊಂದ್ಸಲ ಹೊಟ್ಟೆಗ್ ಹಾಕ್ಕೊಳಪ್ಪ ಎಂದುಕೊಂಡು ತಿರುಗಿಸಿದೆ. ಹ್ಯಾಂಡಲ್ಲು ಮಾತಾಡದೆ ತಿರುಗಿತು. ನಾಲ್ಕು ಟೈಲ್ಸಿನ ದೇವರುಗಳೂ ಪಕ್ಕಕ್ಕೆ ಸರಿದವು. ನಾನು ನಮ್ಮ ಕ್ರಾಸಿನೊಳಗಿದ್ದೆ.

"ಪರವಾಗಿಲ್ವೇ!" ಎಂದು ನಮ್ಮನೆಯವರು ಚಪ್ಪಾಳೆ ತಟ್ಟಿದರು. ಗುಜರಿಯವನಿಗೆ ಹಳೆ ಪೇಪರು, ತೂತುಬಿದ್ದ ಬಕೆಟ್ಟು ಕೊಟ್ಟು ಸಮಾಧಾನ ಮಾಡಿ ಕಳಿಸಿದರು. ಸೈಕಲ್ಲು ಉಳಿಯಿತು. ಅಮ್ಮ ಮಾತ್ರ ತಲೆ ಎತ್ತಲಿಲ್ಲ.

ಹೋಗಿ ಪಕ್ಕದಲ್ಲಿ ಕೂತು ಸೊಪ್ಪಿಗೆ ಕೈ ಹಾಕಿದೆ. ತಡೆಯಲಾಗಲಿಲ್ಲ. ಬ್ಯಾಗಿನಿಂದ ಬಟ್ಟಲು ತೆಗೆದು ಮೊರದ ಅಂಚಿನಲ್ಲಿಟ್ಟು, ಅನ್ವರ್ ಹೇಳಿದ್ದೆಲ್ಲವನ್ನೂ ಹೇಳಿದೆ. ಅಮ್ಮ ಅದರೊಳಗೆ ಬೆರಳಾಡಿಸಿದಳು.

"ನಂಗೊತ್ತಿಲ್ವೇನೇ?" ಎಂದಳು.

"ಏನು?"

"ಹ್ಯಾಂಡ್ಲು ತಿರುಗ್ತಿರ್ಲಿಲ್ಲ ಅಂತ. ನೀನಿನ್ನೂ ಅಂಬೆಗಾಲಿಡ್ತಿದ್ದೆ ಆವಾಗಿಂದ."

"ಮತ್ತೆ ಮುನೇಶ್ವರ?"

"ನಾನೇ ಕೂರ್ಸಿದ್ದು."

ನನ್ನ ಕೈ ನಿಂತಿತು. ಅಮ್ಮ ಎಲೆ ಬಿಡಿಸುತ್ತಲೇ ಹೇಳಿದಳು:

"ಬೆಳಗಿನ್ ಜಾವಕ್ಕೆ ಎದ್ದೋಗೋರು, ಅಷ್ಟ್ ಭಾರ ಎಳ್ಕೊಂಡ್ ಬರೋರು. ಸುಸ್ತಾಯ್ತು ಅಂತ ಒಂದಿನ ಬಾಯ್ಬಿಟ್ಟೋರಲ್ಲ. ಬೇರೆ ಮೂಲೇಲಿ ದೇವ್ರಿದ್ರು, ಒಂದ್ ನಮಸ್ಕಾರ ಹಾಕೋ ನೆಪದಲ್ಲಿ ನಿಲ್ಲೋರು. ಇಲ್ಲಿ ಏನೂ ಇರ್ಲಿಲ್ವಲ್ಲ. ಇಳಿದ್ರೆ, 'ಏನ್ ರಾಮಯ್ಯ, ಕೈಲಾಗಲ್ವಾ?' ಅಂತ ಜನ ನಗೋರು. ಇವ್ರು ತಲೆ ತಗ್ಗಿಸ್ಕೊಂಡು ದಡಬಡ ತಳ್ಕೊಂಡ್ ಬಂದು, ಜಗಲೀಲಿ ಕೂತ್ರೆ ಎದೆ ಹೊಡ್ಕೊಳ್ಳೋದು ನಂಗ್ ಕೇಳ್ಸೋದು. ಒಂದಿನ ನಾನೇ ಹೋಗಿ ಹೂವಿಟ್ ಬಂದೆ. ಮುನೇಶ್ವರ ಇದಾನೆ ಅಂದೆ. ಅವತ್ತಿಂದ ಯಾರೂ ನಗ್ಲಿಲ್ಲ. ಇವ್ರೂ ಒಂದ್ ಗಳಿಗೆ ನಿಂತು, ಕೈ ಮುಗ್ದು, ಉಸ್ರು ಎಳ್ಕೊಂಡು ಬರೋರು. ಅಷ್ಟೇ ನಂಗ್ ಬೇಕಾಗಿದ್ದು."

"ಅಪ್ಪಂಗ್ ಗೊತ್ತಿತ್ತಾ, ನೀನೇ ಮಾಡಿದ್ದು ಅಂತ?"

"ನಾನ್ ಕೇಳ್ಲಿಲ್ಲ. ಅವ್ರು ಹೇಳ್ಲಿಲ್ಲ."

ಮೊರದ ಸೊಪ್ಪು ಮುಗಿಯಿತು. ಆಮೇಲೆ ಅಮ್ಮನಿಗೆ ಇದ್ದಕ್ಕಿದ್ದಂತೆ ಸಿಟ್ಟು ಬಂತು. ಬಟ್ಟಲನ್ನು ನನ್ನ ಮಡಿಲಿಗೆ ಹಾಕಿದಳು.

"ಹ್ಯಾಂಡ್ಲು ಸರಿಹೋಯ್ತು, ಸಂತೋಷ. ನೀನ್ಯಾಕೆ ಇಳಿಯೋದ್ ಬಿಟ್ಟೆ? ಕನ್ನಡೀಲಿ ಮುಖ ನೋಡ್ಕೊಂಡಿದೀಯಾ? ನಿಮ್ಮಪ್ಪನ್ ಮುಖಾನೇ ಆಗ್ಬಿಟ್ಟಿದೆ."

ಸೋಮವಾರ ಅಂಗಡಿಯಲ್ಲಿ ಮೂರು ಮದುವೆ, ಒಂದು ಗೃಹಪ್ರವೇಶ. ಸಂಜೆ ಹ್ಯಾಂಡಲ್ಲಿನ ಎರಡೂ ಕಡೆ ಚೀಲ ತೂಗಿಸಿಕೊಂಡು ಬಂದೆ. ಬೇರೆ ತಿರುವುಗಳಲ್ಲೆಲ್ಲ ಇಳಿಯದೆ ತಿರುಗಿಸಿದೆ. ಹೊಸ ಕುತ್ತಿಗೆ ಬೆಣ್ಣೆಯ ಹಾಗೆ ತಿರುಗುತ್ತದೆ, ಅದರಲ್ಲಿ ಎರಡು ಮಾತಿಲ್ಲ. ನಮ್ಮ ಮೂಲೆ ಬಂತು, ಇಳಿದೆ. ಸ್ಟ್ಯಾಂಡು ಹಾಕಿ, ಟಾರಿನ ಕೆಳಗಿರುವ ಮುನೇಶ್ವರನಿಗೆ ಕೈ ಮುಗಿದು, ಸುಸ್ತಾಗಿದೆ ಎಂದು ಹೇಳಿದೆ. ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಉಸಿರು ತಹಬಂದಿಗೆ ಬರುವವರೆಗೂ ಗೋಡೆಗೆ ಒರಗಿ ನಿಂತಿದ್ದೆ. ಜಗಲಿಯ ಮೇಲೆ ಅಮ್ಮ ಮೊರ ಹಿಡಿದು ಕೂತಿದ್ದಳು, ನನ್ನ ಕಡೆ ನೋಡಲೇ ಇಲ್ಲ.